ನೆರಿಗೆ

"ಈಗಲಾದ್ರೂ ಹೇಳಿ. ಆ ಲಂಗ ಯಾರಿಗೆ?"

ತಮ್ಮ ದೇಶ ಚೀನಾದ ಮೊದಲ ಉಪಗ್ರಹವನ್ನು ನೋಡಲು ಬೀದಿಯವರೆಲ್ಲ ಕತ್ತೆತ್ತಿ ನಿಂತಿದ್ದರು. ಬಟ್ಟೆ ಹೊಲಿಯುವ ಅವಳು ಮಾತ್ರ ಗಂಡನ ಮುಖವನ್ನೇ ದಿಟ್ಟಿಸುತ್ತಿದ್ದಳು.

"ಹೇಳೋ ಹಾಗಿಲ್ಲ ಕಣೇ."

"ಗಿರ್ರಂತ ತಿರುಗಿದ್ರೆ ತಾನಾಗೇ ಅರಳೋ ನೆರಿಗೆ ಬೇಕು ಅಂತ ನನ್ನ ಹತ್ರಾನೇ ಕಲಿತ್ರಿ. ಆಮೇಲೆ ಮೂರು ತಿಂಗಳು ಪತ್ತೆಯಿಲ್ಲ. ಕುಣಿಯೋಳಾ ಅವಳು?"

ಆತ ದುಡಿಯುವ ಕಾರ್ಖಾನೆಯ ಗುಟ್ಟು ಮನೆಯಲ್ಲಿ ಆಡಿದರೆ ಜೈಲು.

"ಬಂತು, ಬಂತು!" ಜನ ಕೂಗಿದರು. ಚುಕ್ಕಿಯೊಂದು ಥಳಥಳಿಸುತ್ತ ಸಾಗಿತು.

"ನೋಡಿ! ಅಂಥದ್ದನ್ನ ಮಾಡೋರೂ ಗಂಡಸ್ರೇ, ಲಂಗದ ಹಿಂದೆ ಹೋಗೋ ನೀವೂ ಗಂಡಸ್ರೇ!"

ಉಪಗ್ರಹ ಕಣ್ಣಿಗೆ ಕಾಣದಷ್ಟು ಚಿಕ್ಕದು. ಜನ ನೋಡುತ್ತಿದ್ದದ್ದು ಅದನ್ನು ಹೊತ್ತೊಯ್ದ ರಾಕೆಟ್ಟಿನ ಕೊನೆಯ ತುಂಡನ್ನು, ಬಿಸಿಲಿಗೆ ಹೊಳೆದು ನೆಲದವರಿಗೆ ಕಾಣಲೆಂದೇ ಅದರ ಸೊಂಟಕ್ಕೆ ಕಟ್ಟಿದ್ದ, ಗಿರ್ರನೆ ತಿರುಗುತ್ತ ಅರಳಿದ್ದ ಬೆಳ್ಳಿಬಣ್ಣದ ಲಂಗವನ್ನು.