ಯಾವ ಬೀದಿ?

“ಕೇಸು ವಾಪಸ್ ತಗೊಂಡ್ಬುಡೋಣ ಮೇಡಂ,” ಎಂದಳು ಮಾನಸ, ಕುಳಿತ ಕುರ್ಚಿ ಬೆಚ್ಚಗಾಗುವ ಮೊದಲೇ.

ವಕೀಲೆ ತೇಜಸ್ವಿನಿ ಕಾಫಿಗೆಂದು ಇಟ್ಟಿದ್ದ ಹಾಲನ್ನು ಇಳಿಸಿ ಬಂದು ಎದುರಿಗೆ ಕುಳಿತಳು. ಗೌರಿ ಹಬ್ಬಕ್ಕೆ ಕೋರ್ಟಿಗೆ ರಜೆ. ಅದಕ್ಕೇ ಮಾನಸಳನ್ನು ಕುವೆಂಪುನಗರದ ತನ್ನ ಬಾಡಿಗೆ ಮನೆಗೆ ಕರೆಸಿಕೊಂಡಿದ್ದಳು. ಸೋಮವಾರ ಕಟಕಟೆ ಹತ್ತಿ ಸಾಕ್ಷಿ ಹೇಳಬೇಕಾದವಳು ಇವಳೇ. ಇವಳು ಹಿಂದೆ ಸರಿದರೆ ಕೇಸಿನಲ್ಲಿ ಉಳಿಯುವುದು ವಕೀಲರ ಕರಿ ಕೋಟು ಮಾತ್ರ.

ನಡೆದದ್ದು ಇಷ್ಟು. ನರ್ಸ್ ಕೆಲಸದ ಮಾನಸ ಅದೇ ಬಡಾವಣೆಯಲ್ಲಿ ಒಂದು ಮನೆ ಹಿಡಿದಿದ್ದಳು. ಹಾಲುಕ್ಕಿಸಿಯೂ ಆಗಿತ್ತು. ಆ ಹಾಲಿನ ಪಾಯಸ ಕೊಡಲು ಓನರ್ ಬಾಗಿಲಿಗೆ ಹೋದಾಗ ಅವರು ಊರು ಕೇಳಿದರು. ಊರು ಹೇಳಿದ ಮೇಲೆ ಬೀದಿ ಕೇಳಿದರು. ನಮ್ಮ ಕಡೆ ಮುಖಕ್ಕೆ ಹೊಡೆದ ಹಾಗೆ ಜಾತಿ ಕೇಳುವಷ್ಟು ಒರಟರು ಯಾರೂ ಇಲ್ಲ. ಬೀದಿ ಕೇಳಿದರೆ ಸಾಕು, ಉಳಿದದ್ದು ತಾನಾಗಿ ಗೊತ್ತಾಗುತ್ತದೆ. ಮಾನಸ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಪಾಯಸ ಹೊಸ್ತಿಲು ದಾಟಲಿಲ್ಲ, ಸಂಜೆಗೆ ಅವಳ ಸಾಮಾನು ರಸ್ತೆಗೆ ಬಂತು. ‘ನಾನು ಬೀದಿಗೀದಿ ಕೇಳೇ ಇಲ್ಲ, ಮಗಳಿಗೆ ಮನೆ ಬೇಕಾಗಿತ್ತು’ ಎನ್ನುವುದು ಓನರ್ ಈಗ ಹಾಡುತ್ತಿರುವ ರಾಗ.

“ಹೆದರ್ಕೊಂಡ್ಯಾ?”

“ಹೆದರಿಕೆ ಅಲ್ಲ ಮೇಡಂ. ಜೊತೇಲಿ ಕೆಲಸ ಮಾಡೋರೆಲ್ಲ ಬಯ್ತಾರೆ. ಬಾಯಿಗೆ ಬಂದ ಇನ್ನೊಂದು ಬೀದಿ ಹೇಳಿದ್ರೆ ನಿನ್ ಗಂಟೇನ್ ಹೋಗ್ತಿತ್ತು ಅಂತಾರೆ.”

“ಹಂಗೆ ಹೇಳ್ಕೊಂಡು ಎಷ್ಟು ದಿನ ಬದುಕೋಕಾಗುತ್ತೆ ಮಾನಸ?”

ಮಾನಸ ಸುತ್ತ ಕಣ್ಣಾಡಿಸಿದಳು. ಗಾಳಿ ಬೆಳಕು ಚೆನ್ನಾಗಿದ್ದ ಮನೆ. “ನಿಮಗೆ ಈ ಮನೆ ಹೆಂಗ್ ಸಿಕ್ತು ಮೇಡಂ?”

ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಇಬ್ಬರದೂ ಒಂದೇ ಊರು, ಒಂದೇ ಬೀದಿ. ತಿಳಿದುಕೊಂಡರೆ ತನಗೂ ಅನುಕೂಲವಾದೀತೆಂಬ ಆಸೆ ಅಷ್ಟೇ. ಎರಡು ವರ್ಷದ ಹಿಂದೆ ಕೆಳಗಿನ ಮನೆಯಲ್ಲೇ ಇರುವ ಓನರ್ ಸರೋಜಮ್ಮನೂ ಬೀದಿ ಕೇಳಿದ್ದರು. ‘ಅಪ್ಪ ಮೇಷ್ಟ್ರು, ಊರೂರು ವರ್ಗ ಆಗ್ತಿತ್ತು’ ಎಂದು ತೇಜಸ್ವಿನಿ ನಕ್ಕಿದ್ದಳು. ಸರೋಜಮ್ಮ ಇವಳ ಊರಿನ, ತಮ್ಮದೇ ಜಾತಿಯ ಪಟೇಲರ ಹೆಸರು ಎತ್ತಿ, ‘ಹಂಗಾದ್ರೆ ನಮ್ಮೋರೇ ಬುಡು’ ಎಂದು ತಾವೇ ತೀರ್ಪು ಕೊಟ್ಟು ಬೀಗದ ಕೈಯನ್ನೂ ಕೊಟ್ಟಿದ್ದರು. ಇವಳು ಸುಳ್ಳು ಹೇಳಿರಲಿಲ್ಲ, ನಿಜ. ಆದರೆ ಆವತ್ತಿನ ನಗು ಅವಳಿಗೆ ಇವತ್ತಿಗೂ ಅರಗಿರಲಿಲ್ಲ. ಅಂದಿನಿಂದ ಕೆಳಗಿನ ಬಸ್ಸಾರು ಮೆಟ್ಟಿಲು ಹತ್ತಿ ಬರುತ್ತಿತ್ತು. ಬರಿ ಬಟ್ಟಲು ವಾಪಸ್ ಕೊಡಬಾರದೆಂದು ಇವಳು ಸಕ್ಕರೆ ಹಾಕಿ ಕಳಿಸುತ್ತಿದ್ದಳು. ಸರೋಜಮ್ಮನನ್ನು ಕಂಡರೆ ಅವಳಿಗೆ ನಿಜವಾಗಿಯೂ ಪ್ರೀತಿ. ಕಷ್ಟವಾಗಿದ್ದೂ ಅದೇ.

“ತೇಜೂ, ಕುಂಕುಮ ಇಸ್ಕೊ ಬಾರಮ್ಮ.” ತಟ್ಟೆ ಹಿಡಿದು ಸರೋಜಮ್ಮ ಒಳಗೆ ಬಂದೇಬಿಟ್ಟರು. ಹೊಸಬಳನ್ನು ಕಂಡು ಅವರ ಮುಖ ಇನ್ನಷ್ಟು ಅರಳಿತು. ಗೌರಿಯ ದಿನ ಎದುರಿಗಿರುವ ಹೆಣ್ಣುಮಗಳನ್ನು ಬಿಟ್ಟು ಕುಂಕುಮ ಕೊಡುವ ಪದ್ಧತಿ ಇಲ್ಲ. “ಯಾವೂರಮ್ಮ ನಿಂದು?”

“ಮೇಡಂ ಊರೇ ಅಮ್ಮ.”

“ಹೌದಾ? ಯಾವ ಬೀದಿ?”

ಮಾನಸ ತೇಜಸ್ವಿನಿಯ ಮುಖ ನೋಡಿದಳು. ಅಲ್ಲಿ ಅವಳಿಗೆ ಏನು ಕಂಡಿತೋ, “ಪಟೇಲರ ಬೀದಿ,” ಎಂದುಬಿಟ್ಟಳು.

“ಸರಿ ಬುಡು, ಇಬ್ಬರೂ ನಮ್ ಮಕ್ಕಳೇ ಆದ್ರಲ್ಲ,” ಎಂದು ಸರೋಜಮ್ಮ ಬೆರಳನ್ನು ಕುಂಕುಮದ ಬಟ್ಟಲಿಗೆ ಇಳಿಸಿದರು.

ಮಾನಸ ಕಲಿತುಬಿಟ್ಟಿದ್ದಳು. ತನ್ನ ಮನೆ ಉಳಿಸಿಕೊಳ್ಳಲು ಬಾಯಿಗೆ ಬಾರದಿದ್ದ ಸುಳ್ಳು, ವಕೀಲೆಯ ಮನೆ ಉಳಿಸಲು ಬಂದಿತ್ತು. ಸೋಮವಾರ ಇದೇ ಹುಡುಗಿಗೆ ನಿಜ ಹೇಳು ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು? ತೇಜಸ್ವಿನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಭಯವೂ ಆಯಿತು. ಈ ಊರಿನಲ್ಲಿ ಇನ್ನೊಂದು ಮನೆ ಹುಡುಕುವ ಪಾಡು ಅವಳಿಗೆ ಗೊತ್ತಿಲ್ಲದ್ದಲ್ಲ. ಎದ್ದು ಮಾನಸಳ ಪಕ್ಕಕ್ಕೆ ಬಂದು ನಿಂತಳು. ಕುಂಕುಮಕ್ಕೆಂದು ಹಣೆ ಮುಂದೆ ಮಾಡಿದಳು.

“ಆಂಟಿ, ಅವಳದು ಪಟೇಲರ ಬೀದಿ ಅಲ್ಲ. ಅಂಬೇಡ್ಕರ್ ಬೀದಿ,” ಎಂದಳು. “ನಂದೂ ಅದೇ. ಆವತ್ತು ನೀವು ಕೇಳಿದಾಗ್ಲೇ ಹೇಳಬೇಕಿತ್ತು, ಹೇಳ್ಲಿಲ್ಲ.”

ಸರೋಜಮ್ಮ ಒಬ್ಬಳನ್ನು ನೋಡಿದರು, ಇನ್ನೊಬ್ಬಳನ್ನು ನೋಡಿದರು. ಎತ್ತಿದ ಕೈ ಮುಂದೆ ಬರಲಿಲ್ಲ, ಹಿಂದೆಯೂ ಹೋಗಲಿಲ್ಲ. ಬೆರಳ ತುದಿಯಿಂದ ಕುಂಕುಮ ಸಣ್ಣಗೆ ನೆಲಕ್ಕೆ ಉದುರುತ್ತಿತ್ತು.

ತೇಜಸ್ವಿನಿ ಹಣೆಯನ್ನು ಹಿಂದಕ್ಕೆ ತೆಗೆಯಲಿಲ್ಲ. ಅವಳನ್ನು ನೋಡಿ ಮಾನಸ ಕುರ್ಚಿಯಿಂದ ಎದ್ದಳು, ತನ್ನ ಹಣೆಯನ್ನೂ ಮುಂದೆ ಮಾಡಿದಳು.