ಬಾರದ ಜ್ವರಕ್ಕೆ ಇಟ್ಟ ಹೆಸರು

ಹೊಸ ರೋಗ ಬರುವುದಕ್ಕೆ ಒಂದು ವರ್ಷ ಮೊದಲೇ ಯಾರಾದರೊಬ್ಬರ ರಕ್ತ ಅದಕ್ಕೆ ಮದ್ದು ಮಾಡಿಟ್ಟುಕೊಳ್ಳುತ್ತಿದ್ದ ಕಾಲ ಅದು. ಹಾಗಾಗಿ ಗದಗಿನವರೆಲ್ಲ ವರ್ಷಕ್ಕೊಮ್ಮೆ ಲ್ಯಾಬಿನ ಮುಂದೆ ಸಾಲು ನಿಲ್ಲುತ್ತಿದ್ದರು. ಬಸ್ ಕಂಡಕ್ಟರ್ ಚನ್ನವೀರಪ್ಪನ ರಿಪೋರ್ಟಿನಲ್ಲಿ, ರೋಗನಿರೋಧಕ ಶಕ್ತಿ ಎಂಬಲ್ಲಿ, ಈ ಸಲ ಕೆಂಪು ಚುಕ್ಕಿ ಬಿದ್ದಿತ್ತು. ಅವನು ಅದನ್ನು ಲ್ಯಾಬಿನ ಮೇಜಿನ ಮೇಲಿಟ್ಟ.

"ಅಕ್ಕಾರ, ನನಗೇನರ ದೊಡ್ಡ ರೋಗ ಐತೇನ್ರಿ?"

ಲ್ಯಾಬಿನ ಶಾಹೀನಾ ಕುರ್ಚಿ ಬಿಟ್ಟು ಎದ್ದು ನಿಂತಳು. ಅದನ್ನು ಕಂಡು ಸಾಲಿನಲ್ಲಿದ್ದವರೆಲ್ಲ ಸದ್ದಿಲ್ಲದೆ ಚಪ್ಪಲಿ ಕಳಚಿದರು.

"ಇಲ್ರಿ. ಮುಂದಿನ ವರ್ಷದ ಜ್ವರಕ್ಕ ಎಲ್ಲಾರಿಗೂ ಔಷಧ ನಿಮ್ಮ ರಕ್ತದಿಂದನ ಆಗೋದು. ಪದ್ಧತಿ ಪ್ರಕಾರ ಆ ಜ್ವರಕ್ಕ ನಿಮ್ಮ ಅವ್ವನ ಹೆಸರು ಇಡ್ತೀವಿ. ಹೇಳ್ರಿ, ಬರ್ಕೋತೀನಿ."

ಜಲ್ಲಿ ಒಡೆದು ಬದುಕಿ, ಜ್ವರದಲ್ಲೇ ಹೋದ ಅವ್ವನ ಹೆಸರನ್ನು ಇದುವರೆಗೆ ಯಾರೂ ಎಲ್ಲಿಯೂ ಬರೆದಿರಲಿಲ್ಲ.

"ಫಕ್ಕೀರವ್ವ," ಎಂದ.

ಬೆನ್ನ ಹಿಂದೆ, ಸಾಲಿನುದ್ದಕ್ಕೂ, ಜನ ಆ ಹೆಸರನ್ನು ಒಬ್ಬೊಬ್ಬರಾಗಿ ಮೆಲ್ಲಗೆ ಹೇಳಿಕೊಂಡರು.