ಮಲ್ಲೇಶ್ವರಿ ಉಳ್ಳಾಗಡ್ಡಿ

ಬೆಳಿಗ್ಗೆ ಹನ್ನೊಂದೂ ಐವತ್ತಕ್ಕೆ, ಬೀದರಿನ ಜರ್ಮನ್ ತರಗತಿಯಲ್ಲಿ, ಓಂಪ್ರಕಾಶ ಸರ್ ನರ್ಸ್ ಮಲ್ಲೇಶ್ವರಿಯ ಹೆಸರಿನ ಚೀಟಿಯಿಂದ ‘ಉಳ್ಳಾಗಡ್ಡಿ’ ಹೊಡೆದುಹಾಕಿದರು. ಹನ್ನೆರಡಕ್ಕೆ ಜರ್ಮನಿಯ ಆಸ್ಪತ್ರೆಯೊಂದರ ವಿಡಿಯೊ ಸಂದರ್ಶನವಿತ್ತು.

“ಉಳ್ಳಾಗಡ್ಡಿ ಅಂದ್ರ ಈರುಳ್ಳಿ ಅಂತ ಗೊತ್ತಾದ್ರ ನಗ್ತಾರವ್ವ. ಬರೇ ಮಲ್ಲೇಶ್ವರಿ ಅನ್ನು. ಕೈಗೆ ಬಂದ ನೌಕರಿ ಕಳಕೋಬ್ಯಾಡ.”

“ಸಂದರ್ಶನ ಮಾಡೋರ ಹೆಸರೇನ್ರಿ ಸರ್?”

“ಕೋಲ್ ಮೇಡಂ.”

“ಜರ್ಮನ್ ಭಾಷಾದಾಗ ಕೋಲ್ ಅಂದ್ರ ಪತ್ತಾಗೋಬಿ, ಎಲೆಕೋಸು ಅಂತ ನೀವೇ ಕಲಿಸೀರಿ. ಅವರ ಹಿರೇರು ಗೋಬಿ ಬೆಳದ್ರು, ಅದೇ ಅಡ್ಡಹೆಸರಾತು. ನಮ್ಮ ಮುತ್ಯಾ ಭಾಲ್ಕಿ ಸಂತ್ಯಾಗ ಉಳ್ಳಾಗಡ್ಡಿ ಮಾರಿದ. ಹೊಡಿಯೂದಿದ್ರ ಮೊದಲ ಅವರ ಹೆಸರ ಹೊಡೀರಿ!”

ಸರ್ ಪೆನ್ನು ಕೆಳಗಿಟ್ಟರು. ಮಲ್ಲೇಶ್ವರಿ ಅದೇ ಪೆನ್ನಿನಿಂದ ಹೊಸ ಚೀಟಿ ಬರೆದು ಎದೆಗೆ ಚುಚ್ಚಿಕೊಂಡಳು. ಹನ್ನೆರಡಕ್ಕೆ ಪರದೆಯ ಮೇಲೆ ಬಂದ ಕೋಲ್ ಅದನ್ನು ನಿಧಾನವಾಗಿ, ಪೂರ್ತಿಯಾಗಿ ಓದಿ, ಮೊದಲ ಪ್ರಶ್ನೆ ಕೇಳಿದರು.